ಸಾವಂತ್ರವ್ವನ ಅಕ್ಷರ

ಯೆರವಡಾದ ಆ ನರ್ಸರಿ ಶಾಲೆಯಲ್ಲಿ ಟೀಚರುಗಳಿಗೆ ತರಬೇತಿಯೆಂದರೆ ಶನಿವಾರ ಮಧ್ಯಾಹ್ನ ಮಕ್ಕಳ ಗೇಣೆತ್ತರದ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಬೆಂಗಳೂರಿನಿಂದ ಬಂದ ಹೊಸ ಮುಖ್ಯಸ್ಥೆ ರಂಜಿನಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಧಾರವಾಡದ ಇಂದೂ ಹದಿನಾಲ್ಕು ವರ್ಷಗಳಲ್ಲಿ ಇಂಥ ನಾಲ್ವರು ಮುಖ್ಯಸ್ಥೆಯರಿಗೆ ತಲೆಯಾಡಿಸಿದ್ದಳು. ಈ ಸಲ ಮಾತ್ರ ಅದು ಕುತ್ತಿಗೆಗೇ ಬಂದಿತ್ತು. ಜೂನ್‌ನಿಂದ ಎರಡು ವರ್ಗಗಳು ಒಂದಾಗಲಿದ್ದವು. ಆ ವರ್ಗಗಳ ಟೀಚರುಗಳು ಇಬ್ಬರು, ಇಂದೂ ಮತ್ತು ಸಾವಂತ್ರವ್ವ. ಉಳಿಯುವವಳು ಒಬ್ಬಳೇ.

ಸಾವಂತ್ರವ್ವ ಬೈಲಹೊಂಗಲದ ಕಡೆಯವಳು. ಆಯಾ ಆಗಿ ಸೇರಿದವಳು ಕತೆ ಹೇಳಿದರೆ ಅಳುವ ಕೂಸೂ ಬಾಯಿ ಮುಚ್ಚುತ್ತದೆಂದು ಹಿಂದಿನವರು ಅವಳನ್ನು ಟೀಚರ್ ಮಾಡಿದ್ದರು. ಇಂಗ್ಲಿಷ್ ಒಂದಕ್ಷರ ಬಾರದು. ಕತೆಪುಸ್ತಕಗಳನ್ನೆಲ್ಲ ಇಂದೂನೇ ಓದಿ ಹೇಳಿ ಬಾಯಿಪಾಠ ಮಾಡಿಸಿದ್ದಳು. ಯಾವ ಚಿತ್ರಕ್ಕೆ ಹಾಳೆ ತಿರುವಬೇಕೆಂಬುದು ಸಾವಂತ್ರವ್ವನಿಗೆ ಒಮ್ಮೆಯೂ ತಪ್ಪಿರಲಿಲ್ಲ. ಅವಳ ವರದಿ, ರಜೆ ಚೀಟಿ, ಮಕ್ಕಳ ಡೈರಿ ಎಲ್ಲವನ್ನೂ ಗುಟ್ಟಾಗಿ ಇಂದೂ ಬರೆದುಕೊಡುತ್ತಿದ್ದಳು. ಬದಲಿಗೆ ಸಾವಂತ್ರವ್ವ ದಿನಾ ಒಂದು ರೊಟ್ಟಿ ಹೆಚ್ಚು ತರುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆದಿತ್ತು.

ರಂಜಿನಿ ಫಾರ್ಮು ಹಂಚಿದಳು. ಒಬ್ಬರ ಪಾಠದ ಬಗ್ಗೆ ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆಯಬೇಕು.

“ಫ್ರ್ಯಾಂಕ್ ಆಗಿ ಬರೀರಿ. ಇದನ್ನ ನೋಡೇ ನಾನು ಡಿಸೈಡ್ ಮಾಡೋದು.”

ಎಲ್ಲರೂ ಹೋದಮೇಲೆ ಸಾವಂತ್ರವ್ವ ತನ್ನ ಫಾರ್ಮನ್ನು ಇಂದೂ ಮುಂದಿಟ್ಟಳು. “ಅಕ್ಕಾರ, ನಿಮ್ಮ ಬಗ್ಗೆ ಭಾಳ ಚೊಲೋ ಬರಕೋರಿ. ನನ್ನ ಬಗ್ಗೆ ನಿಮಗ ತಿಳದಂಗ ಬರೀರಿ.”

ಇಂದೂ ತನ್ನ ಹೊಗಳಿಕೆಯನ್ನು ತಾನೇ ಒಂದು ಪುಟ ಬರೆದುಕೊಂಡಳು. ತನ್ನನ್ನು ಹೊಗಳಿಕೊಳ್ಳುವಾಗ ಯಾರ ಕೈಯೂ ನೋಯುವುದಿಲ್ಲ. ಭಾನುವಾರ ಮನೆಯಲ್ಲಿ ಇನ್ನೊಂದು ಫಾರ್ಮು ಹಿಡಿದು ಕೂತಳು. ಮೂರು ಸಾಲು ಒಳ್ಳೆಯದನ್ನೇ ಬರೆದಳು. ನಲವತ್ತೇಳನೆಯ ವಯಸ್ಸಿನಲ್ಲಿ ತನಗೆ ಬೇರೆ ಕೆಲಸ ಯಾರು ಕೊಡುತ್ತಾರೆಂದು ನೆನೆದು ಮೂರನ್ನೂ ಹೊಡೆದುಹಾಕಿದಳು. ಕೆಳಗೆ ಬರೆದಳು: ಇವಳಿಗೆ ಇಂಗ್ಲಿಷ್ ಬಾರದು, ಪುಸ್ತಕ ಓದುವಂತೆ ನಟಿಸುತ್ತಾಳೆ, ವರದಿಗಳನ್ನು ಬೇರೆಯವರಿಂದ ಬರೆಸುತ್ತಾಳೆ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಎಂದು ಅವಳಿಗೆ ಗೊತ್ತಿತ್ತು. ನಾಚಿಕೆಯೂ ಆಯಿತು. ಆದರೆ ಹರಿದು ಹಾಕಲಿಲ್ಲ.

ಸೋಮವಾರ ರಂಜಿನಿ ಇಬ್ಬರನ್ನೂ ಅದೇ ಪುಟ್ಟ ಕುರ್ಚಿಗಳಲ್ಲಿ ಕೂರಿಸಿ ಎರಡು ಫಾರ್ಮನ್ನೂ ಪಕ್ಕಪಕ್ಕ ಇಟ್ಟಳು. ಇಂದೂ ಆಗಷ್ಟೇ ಗಮನಿಸಿದಳು. ಎರಡರಲ್ಲೂ ಒಂದೇ ಕೈಬರಹ! ಸಾವಂತ್ರವ್ವನ ಹೆಸರಿನಲ್ಲಿ ಬರೆಯುವುದು ಎಷ್ಟು ರೂಢಿಯಾಗಿತ್ತೆಂದರೆ, ಆ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

“ಈ ಫಾರ್ಮ್ ನೀವೇ ಬರೆದ್ರಾ?” ರಂಜಿನಿ ಸಾವಂತ್ರವ್ವನನ್ನು ಕೇಳಿದಳು.

“ಹೌದ್ರಿ, ನಾನ ಬರದೀನ್ರಿ,” ಎಂದಳು ಸಾವಂತ್ರವ್ವ. ಇಂದೂಗೆ ತೊಂದರೆಯಾಗಬಾರದೆಂದು ಹೇಳಿದ ಸುಳ್ಳು ಅದು.

ರಂಜಿನಿ ನಕ್ಕು ಇನ್ನೊಂದನ್ನು ಇಂದೂ ಕೈಗೆ ಕೊಟ್ಟಳು. “ಇಂದೂ ಮ್ಯಾಮ್, ಇವರ ಬಗ್ಗೆ ನೀವು ಬರೆದಿದ್ದನ್ನ ಕನ್ನಡದಲ್ಲಿ ಹೇಳಿ. ಪಾಪ, ಅವರಿಗೂ ಅರ್ಥ ಆಗ್ಲಿ.”

ಇಂದೂ ಒಂದೊಂದೇ ಸಾಲು ಹೇಳಿದಳು. ರಂಜಿನಿ ಬೆರಳಿಟ್ಟು ನೋಡುತ್ತಿದ್ದಳು, ಒಂದನ್ನೂ ಬಿಡುವಂತಿರಲಿಲ್ಲ. ಸಾವಂತ್ರವ್ವ ಕತೆ ಕೇಳುವ ಮಕ್ಕಳ ಹಾಗೆ ಕೈಕಟ್ಟಿ ಕೇಳಿದಳು.

“ಗುಡ್. ಕ್ಲಾಸ್ ನಿಮ್ದೇ, ಇಂದೂ ಮ್ಯಾಮ್. ಎರಡು ಫಾರ್ಮೂ ನನ್ನ ಹತ್ರಾನೇ ಇರುತ್ತೆ. ಇನ್ಮೇಲೆ ನೀವು ನನ್ನ ಮಾತಿಗೆ ಇಲ್ಲ ಅನ್ನಲ್ಲ, ಅಲ್ವಾ? ಸಾವಂತ್ರವ್ವ, ನೀವು ಇವತ್ತೇ ರಾಜೀನಾಮೆ ಕೊಡಿ. ಇಂಗ್ಲಿಷಲ್ಲಿ.”

ಹೊರಗೆ ಇಂದೂ ಏನೋ ಹೇಳಲು ಬಾಯಿ ತೆರೆದಳು. ಸಾವಂತ್ರವ್ವ ಅವಳ ಮುಂದೆ ಬಿಳಿ ಹಾಳೆ ಹಿಡಿದಳು. “ಬರೀರಿ ಅಕ್ಕಾರ. ಆಫೀಸಿನ್ಯಾಗ ನನ್ನ ಅಕ್ಷರ ಅಂದ್ರ ನಿಮ್ಮದ ಅಲ್ಲೇನು?”

ಇಂದೂ ಬರೆದಳು. ಸಾವಂತ್ರವ್ವ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು. ಆಮೇಲೆ ಡಬ್ಬಿ ತೆರೆದು ಒಂದು ರೊಟ್ಟಿ ತೆಗೆದು ಇಂದೂ ಕೈಯಲ್ಲಿಟ್ಟಳು.

“ತಗೋರಿ,” ಎಂದಳು. “ಇವತ್ತೂ ಬರದು ಕೊಟ್ಟೀರಲ್ಲ.”