ಬಾಟಲಿ ಮೇಸ್ತ್ರಿಯ ಮುಂಗಡ

ಆ ಬಡಗಿಯನ್ನು ಎಲ್ಲರೂ ಬಾಟಲಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಹೆಸರು ಕೇಳಿ ಮೂಗು ಮುರಿದರೆ ಅವನ ಹೆಂಡತಿ ಜಗಳಕ್ಕೇ ನಿಲ್ಲುತ್ತಿದ್ದಳು. "ಕುಡಿಯೋ ಬಾಟ್ಲಿ ಅಲ್ಲ ಕಣ್ರೀ, ಕೊಡೋ ಬಾಟ್ಲಿ!" ಹರೆಯದಿಂದಲೂ ಅಷ್ಟೇ, ಮತ್ತೆ ರಕ್ತ ಕೊಡಬಹುದಾದ ದಿನ ಬಂತೆಂದರೆ ಸಾಕು, ಮನುಷ್ಯ ಅಂಗಿಯ ತೋಳು ಮಡಚಿಕೊಂಡು ರಕ್ತನಿಧಿಯಲ್ಲಿ ಹಾಜರು. ಜಂಬ ಇರಲಿಲ್ಲವೇ? ಬೇಕಾದಷ್ಟಿತ್ತು. ಅಂಥವನಿಗೆ ಇಲ್ಲದೆ ಇನ್ಯಾರಿಗೆ ಇರಬೇಕು!

ಈಗ ಸೊಂಟದ ಕೀಲು ಸವೆದು ಹೋಗಿತ್ತು. ಬದಲಿಸದಿದ್ದರೆ ಮತ್ತೆ ಗರಗಸ ಹಿಡಿದು ನಿಲ್ಲುವುದು ಕನಸಿನ ಮಾತು. ಆಪರೇಷನ್ನಿಗೆ ಅಂತೂ ಇಂತೂ ದಿನ ಗೊತ್ತಾಯಿತು. ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಮೇಸ್ತ್ರೀ, ರಕ್ತ ತೀರಾ ಕಮ್ಮಿ ಇದೆ. ಆಪರೇಷನ್‌ನಲ್ಲಿ ಇನ್ನಷ್ಟು ಹೋಗುತ್ತೆ. ಇದು ಯಾಕೆ ಹೀಗಾಗಿದೆ ಅಂತ ಗೊತ್ತಾಗ್ದೆ ನಾನು ಒಳಗೆ ಬಿಡಲ್ಲ."

ನೋವಿನ ಮಾತ್ರೆ ನುಂಗುತ್ತೀರಾ, ಮೂಲವ್ಯಾಧಿ ಇದೆಯಾ, ಮಲ ಕಪ್ಪಗೆ ಹೋಗುತ್ತಾ? ಎಲ್ಲದಕ್ಕೂ ಮೇಸ್ತ್ರಿ ತಲೆ ಅಡ್ಡಡ್ಡ ಆಡಿಸಿದ.

"ಹಾಗಾದ್ರೆ ಹೊಟ್ಟೆ, ಕರುಳು ಎರಡಕ್ಕೂ ಕ್ಯಾಮೆರಾ ಬಿಟ್ಟು ನೋಡ್ಬೇಕು. ಒಳಗೆ ಹುಣ್ಣೋ ಗಡ್ಡೆಯೋ ಇದ್ರೆ..."

ಗಡ್ಡೆ ಎಂದದ್ದೇ ತಡ, ಪಕ್ಕದಲ್ಲಿದ್ದ ಹೆಂಡತಿ, ಇಡೀ ಬೀದಿಯ ಬಾಯಿ ಮುಚ್ಚಿಸುವವಳು, ಕುರ್ಚಿಯ ಕೈ ಹಿಡಿದು ಅಳತೊಡಗಿದಳು. ಅದನ್ನು ಮಾತ್ರ ಮೇಸ್ತ್ರಿಗೆ ನೋಡಲಾಗಲಿಲ್ಲ.

"ಅಳ್ಬೇಡ ಕಣೇ. ಹೋದ ತಿಂಗ್ಳು ಕೊಟ್ಟು ಬಂದೆ."

"ಏನನ್ನ?"

"ರಕ್ತಾನ. ಆಪರೇಷನ್‌ನಲ್ಲಿ ನಂಗೂ ಬೇಕಾಗ್ಬಹುದು ಅಂದಿದ್ರಲ್ಲ ಡಾಕ್ಟ್ರು? ಇನ್ನೊಬ್ರದ್ದು ಪುಕ್ಕಟೆ ಯಾಕೆ, ಮುಂಗಡ ಕೊಟ್ಬಿಡೋಣ ಅಂತ." ಡಾಕ್ಟರಮ್ಮನ ಕಡೆ ತಿರುಗಿ, "ಆಪರೇಷನ್ ವಿಷಯ ಬಾಯಿ ಬಿಡ್ಲಿಲ್ಲ. ಕುಂಟಿದ್ರೆ ವಾಪಸ್ ಕಳಿಸ್ತಾರೆ ಅಂತ ಹಲ್ಲು ಕಚ್ಕೊಂಡು ನೆಟ್ಟಗೆ ನಡೆದೆ. ಬೆರಳು ಚುಚ್ಚಿ ನೋಡಿದ್ರು, ಕೂದಲೆಳೆಯಲ್ಲಿ ಪಾಸು!" ಎಂದ. ಹೇಳುವಾಗ ಎದೆ ಉಬ್ಬಿತ್ತು.

ಡಾಕ್ಟರಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ವರ್ಷಗಟ್ಲೆ ಕೊಟ್ಟೂ ಕೊಟ್ಟೂ ಮೈಯಲ್ಲಿದ್ದ ಕಬ್ಬಿಣದಂಶ ಖಾಲಿ ಆಗಿರತ್ತೆ. ಅದಿಲ್ದೆ ಹೊಸ ರಕ್ತ ಎಲ್ಲಿಂದ ಬರ್ಬೇಕು? ಮರ ತರಿಸ್ದೆ ನೀವು ಬಾಗಿಲು ಮಾಡ್ತೀರಾ? ಆದ್ರೂ ಕ್ಯಾಮೆರಾ ಬಿಟ್ಟೇ ಬಿಡ್ತೀನಿ. ನಿಮ್ಮ ದಾನದ ಕಥೆ ನಂಬ್ಕೊಂಡು ಕೂರೋಕಾಗಲ್ಲ."

ಕ್ಯಾಮೆರಾಕ್ಕೆ ಏನೂ ಸಿಗಲಿಲ್ಲ. ಹೆಂಡತಿಗೆ ಹೋದ ಜೀವ ಬಂದಂತಾಯಿತು, ಬಂದ ಜೀವದಲ್ಲಿ ಮೊದಲು ಗಂಡನಿಗೆ ಮಂಗಳಾರತಿ ಎತ್ತಿದಳು. ಆಪರೇಷನ್ ಮುಂದಕ್ಕೆ ಹೋಯಿತು. ರಕ್ತನಾಳಕ್ಕೆ ಕಬ್ಬಿಣದಂಶ ಹನಿಹನಿಯಾಗಿ ಇಳಿಸಿದರು. ಮೇಸ್ತ್ರಿ ಕೋಲೂರಿಕೊಂಡು, ನೋವು ನುಂಗಿಕೊಂಡು ಕಾದ. ಕೊನೆಗೆ ಡಾಕ್ಟರಮ್ಮ, "ಈಗ ಬನ್ನಿ" ಎಂದರು. ಆದರೂ ಅಕಸ್ಮಾತ್ ಬೇಕಾದರೆ ಬೇರೆಯವರ ರಕ್ತ ಏರಿಸಲು ಒಪ್ಪಿಗೆ ಇದೆಯೇ ಎಂದು ಕೇಳಿದಾಗ ಅವನು ಸೆಟೆದುಕೊಂಡ.

"ಒಂದು ಹನೀನೂ ಬೇಡ. ನಾನು ಕೊಡೋನು, ಇಸ್ಕೊಳ್ಳೋನಲ್ಲ."

ಹೆಂಡತಿ ನಡುವೆ ಬಂದಳು. "ಹಾಗಾದ್ರೆ ನಿಮ್ದನ್ನ ಇಸ್ಕೊಂಡೋರೆಲ್ಲ ನಿಮ್ಮ ಕಣ್ಣಿಗೆ ಭಿಕ್ಷುಕರೇನ್ರೀ?"

ಇಷ್ಟು ವರ್ಷ ಕೊಟ್ಟ ಮೇಸ್ತ್ರಿ ಇಸ್ಕೊಂಡವರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿಟ್ಟು, "ಆಯ್ತು" ಎಂದ.

ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ತಲೆಯ ಮೇಲೆ ಕೆಂಪು ಚೀಲವೊಂದು ತೂಗುತ್ತಿತ್ತು. ಅದರಿಂದಿಳಿದ ಕೊಳವೆ ಅವನ ತೋಳಿಗೇ ಬಂದಿತ್ತು.

"ಅಂದ್ಕೊಂಡದ್ದಕ್ಕಿಂತ ಜಾಸ್ತಿ ಹೋಯ್ತು," ಎಂದರು ನರ್ಸ್. "ಒಂದು ಚೀಲದಲ್ಲೇ ಮುಗೀತು ಬಿಡಿ. ಮುಂಚಿನ ಹಾಗೇ ರಕ್ತ ಕಮ್ಮಿ ಇಟ್ಕೊಂಡು ಬಂದಿದ್ರೆ ಮೂರು ಹಿಡೀತಿತ್ತೋ ಏನೋ."

"ಯಾರದ್ದು ಇದು?"

"ಅದನ್ನೆಲ್ಲ ಹೇಳಲ್ಲಪ್ಪ."

ಮೇಸ್ತ್ರಿ ಬಹಳ ಹೊತ್ತು ಚೀಲವನ್ನೇ ನೋಡಿದ. ಅವನಿಗೆ ನಾಚಿಕೆಯಾಗಲಿಲ್ಲ. ತನ್ನ ಕಸುಬಿನವನೇ ಯಾರೋ ಮಾಡಿದ ಅಚ್ಚುಕಟ್ಟಾದ ಬಾಗಿಲನ್ನು ಕಂಡಾಗ ಆಗುವ ಹೆಮ್ಮೆಯೇ ಆಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೆಂಡತಿ ಒರೆಸಿದಳು.

"ಏನ್ರೀ, ನೋವಾ?"

"ನೋವಲ್ಲ ಕಣೇ. ಆ ಪುಣ್ಯಾತ್ಮಂಗೆ ಯಾರಾದ್ರೂ ಹೇಳ್ರೇ, ಕಬ್ಬಿಣದ ಮಾತ್ರೆ ತಗೊಳ್ಳೋಕೆ."