ಕೌಸರಬೀ ಮನೆಯ ರೇಲಿಂಗು

"ಚಾಚಾ, ಇದು ಲಾಸ್ಟ್," ಎಂದ ಮುಜಾಹಿದ, ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಲೇ. "ರೇಲಿಂಗಿಗೆ ಮತ್ತೆ ಜಂಗ್ ಹಿಡಿದ್ರೆ ಎಲ್ಲಾ ನಿಕಾಲ್ ಮಾಡಿ ಗ್ಲಾಸ್ ಹಾಕ್ಸ್ತೀನಿ. ಹರ್ ಸಾಲ್ ಈ ಲಫಡಾ ಬೇಡ."

ಮುರ್ತುಜಾ ತಲೆಯಾಡಿಸಿದ. ಬೊರಿವಲಿಯ ಈ ನಾಲ್ಕನೇ ಮಹಡಿಯ ಬಾಲ್ಕನಿಗೆ ಸ್ಟೀಲಿನ ರೇಲಿಂಗು ಕೂರಿಸಿದವನು ಅವನೇ. ನಾಲ್ಕು ವರ್ಷವಾಯಿತು. ಎದುರಿಗೇ ಖಾಡಿ, ಸಮುದ್ರದ ಹಿನ್ನೀರು, ಇಡೀ ದಿನ ಉಪ್ಪು ಗಾಳಿ. ಮಳೆಗಾಲ ಮುಗಿಯುವಷ್ಟರಲ್ಲಿ ಪೈಪು ಬಾಗಿದ ಕಡೆಯೆಲ್ಲ ಚಹಾ ಚೆಲ್ಲಿದಂಥ ಕಲೆ ಏಳುತ್ತಿತ್ತು. ಮುಜಾಹಿದನ ತಾಯಿ ಕೌಸರ ಫೋನು ಮಾಡುತ್ತಿದ್ದಳು. ಮುರ್ತುಜಾ ಭಾಂಡುಪಿನ ತನ್ನ ವರ್ಕ್‌ಶಾಪಿನಿಂದ ಪಾಲಿಶ್ ಮಷೀನನ್ನು ಚೀಲಕ್ಕೆ ತುರುಕಿಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಜನರ ಮೊಣಕೈ ತಿವಿತ ತಿನ್ನುತ್ತ ಬಂದು ಇಳಿಯುತ್ತಿದ್ದ. ಹಾಗೆ ಬಂದು ಮೂರು ಸಲವಾಗಿತ್ತು, ಇದು ನಾಲ್ಕನೆಯದು.

ತಪ್ಪು ಅವನದೇ. ಕಾಸದೆ, ತಣ್ಣಗಿದ್ದಾಗಲೇ ಬಗ್ಗಿಸಿದ ಪೈಪು ಅದು. ಬಾಗಿದ ಕಡೆ ಸ್ಟೀಲಿನ ಚರ್ಮ ಹಿಗ್ಗಿ ದಣಿದಿರುತ್ತದೆ, ಅಲ್ಲಿ ಕೈ ಹಗುರ ಇರಬೇಕು. ಅವನೋ ಅವಸರದಲ್ಲಿ, ಕಬ್ಬಿಣದ ಗೇಟು ಉಜ್ಜಿದ್ದ ಮಷೀನಿನ ಒರಟು ಚಕ್ರವನ್ನೇ ಅಲ್ಲಿಗೂ ಹಿಡಿದಿದ್ದ. ಎದ್ದ ಗೀರುಗಳಲ್ಲಿ ಕಬ್ಬಿಣದ ಪುಡಿ ಕೂತಿತು, ಅದರ ಮೇಲೆ ಖಾಡಿಯ ಉಪ್ಪು ಕೂತಿತು. ಇದಕ್ಕೆ ಮದ್ದೂ ಅವನಿಗೆ ಗೊತ್ತು. ಒರಟಿನಿಂದ ನುಣುಪಿನವರೆಗೆ ಒಂದೊಂದೇ ಚಕ್ರ ಬದಲಿಸುತ್ತ ಗೀರು ಅಳಿಯುವ ತನಕ ಉಜ್ಜಬೇಕು, ಆಮೇಲೆ ಆ್ಯಸಿಡ್ ಪೇಸ್ಟು ಹಚ್ಚಿ ತೊಳೆಯಬೇಕು. ಅರ್ಧ ದಿನದ ಕೆಲಸ.

ಆದರೆ ಮೂರು ವರ್ಷವೂ ಅವನು ಮಾಡಿದ್ದು ಹತ್ತು ನಿಮಿಷದ ಕೆಲಸ. ಬಟ್ಟೆ ಚಕ್ರ ಆಡಿಸಿ ಮೇಲೆ ಹೊಳಪು ತಂದು, ಒಳಗಿನ ಗೀರನ್ನು ಒಳಗೇ ಬಿಟ್ಟು ಬಂದಿದ್ದ. ಸೋಮಾರಿತನವಲ್ಲ, ಮೂವತ್ತು ವರ್ಷ ಪಾಲಿಶ್ ಮಾಡಿದ ಮನುಷ್ಯನಿಗೆ ಸೋಮಾರಿ ಅಂದರೆ ಜಗಳಕ್ಕೇ ಬಂದಾನು. ರೇಲಿಂಗು ಸರಿಹೋದರೆ ಫೋನು ಬರುವುದಿಲ್ಲ, ಅಷ್ಟೆ.

ಹೆಂಡತಿ ಬೀಬೀಜಾನ ತೀರಿಕೊಂಡ ಮೇಲಿನ ಆರು ವರ್ಷದಲ್ಲಿ ಅವನು ಮನಸಾರೆ ಮಾತಾಡಿದ್ದು ಈ ಬಾಲ್ಕನಿಯಲ್ಲೇ. ಅವನು ಗುಳೇದಗುಡ್ಡದವನು, ಕೌಸರ ಇಳಕಲ್ಲಿನವಳು, ಅವಳ ಗಂಡ ಹೋಗಿ ಹತ್ತು ವರ್ಷ. ಅವಳ ಮನೆಯಲ್ಲಿ ದಖನಿ, ಲಖನೌದ ಸೊಸೆಯೊಂದಿಗೆ ಉರ್ದು, ಮಗನದು ಬೆರಕೆ ಮಾತು. ಊರಿನ ಕನ್ನಡ ಮಾತ್ರ ಅವರಿಬ್ಬರದು. ಇಡೀ ಮುಂಬಯಿ ಅವನನ್ನು ಭಾಯ್ ಎನ್ನುತ್ತದೆ, ಇವಳೊಬ್ಬಳು ಮಿಸ್ತ್ರಿ ಎನ್ನುತ್ತಾಳೆ. ಇವಳೂ ಭಾಯ್ ಅಂದಿದ್ದರೆ ಬಡಪಾಯಿ ಪಾರಾಗಿಬಿಡುತ್ತಿದ್ದನೇನೋ. ಈಗ ವರ್ಷವಿಡೀ ಮಳೆಗಾಲ ಮುಗಿಯುವುದನ್ನೇ ಕಾಯುತ್ತಿದ್ದ.

ಈ ಸಲ ಕಾಯುವ ಆಟ ಮುಗಿದಿತ್ತು. ಚೆನ್ನಾಗಿ ಮಾಡಿದರೂ ಕೊನೆ, ಕೆಟ್ಟದಾಗಿ ಮಾಡಿದರೂ ಕೊನೆ. ಕೊನೆಯದೇ ಆಗುವುದಾದರೆ ಸರಿಯಾಗಿಯೇ ಆಗಲಿ ಎಂದು ಮುರ್ತುಜಾ ಎಲ್ಲ ಚಕ್ರಗಳನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿದ. ಮುಜಾಹಿದ ಹೊರಟುಹೋದ. ಸೊಸೆ ಒಳಗೆ ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿದ್ದಳು.

"ಇವತ್ತ್ ಭಾಳ ಸಾಮಾನ ತಂದೀರಿ, ಮಿಸ್ತ್ರಿ," ಎಂದಳು ಕೌಸರ, ತುಳಸಿ ಬೀಜದ ಶರಬತ್ತಿನ ಲೋಟ ಇಡುತ್ತ.

"ಪೂರಾ ಕೆಲಸ ಮಾಡ್ತೀನ್ರಿ. ಇನ್ನ ತುಕ್ಕು ಹಿಡಿಯಂಗಿಲ್ಲ."

ಅವಳು ಲೋಟದ ಮೇಲಿನ ತಟ್ಟೆಯನ್ನು ಒಮ್ಮೆ ತೆಗೆದು ಮತ್ತೆ ಮುಚ್ಚಿದಳು.

ಅವನು ಅವಳ ಕುರ್ಚಿಯ ಪಕ್ಕದ ಬಾಗಿನಿಂದ ಶುರು ಮಾಡಿದ. ಮಾಡುವುದೇನೂ ಇರಬಾರದಿತ್ತು ಅಲ್ಲಿ. ಸಂಜೆ ಕೂತಾಗ ಅವಳ ಕೈ ಇರುವ ಜಾಗವೆಂದು, ಕಳೆದ ವರ್ಷ ಆ ಒಂದನ್ನು ಮಾತ್ರ ಕದ್ದುಮುಚ್ಚಿ ಸರಿಯಾಗಿ ಉಜ್ಜಿ ತೊಳೆದಿದ್ದ. ಈಗ ನೋಡಿದರೆ ಎಲ್ಲಕ್ಕಿಂತ ಹೆಚ್ಚು ತುಕ್ಕು ಅಲ್ಲೇ. ಕೈಯ ಹದ ತಪ್ಪಿತೇ ತನ್ನದು? ಇಷ್ಟು ವರ್ಷದ ಕಸುಬು ಒಂದು ಗೇಣು ಪೈಪನ್ನು ಕಾಯಲಿಲ್ಲವೇ? ಕನ್ನಡಕ ಏರಿಸಿ ಹತ್ತಿರ ಬಾಗಿದ, ಉಗುರಾಡಿಸಿದ.

ಗೀರುಗಳಿದ್ದವು. ಆದರೆ ಅವನ ಚಕ್ರದವಲ್ಲ. ಚಕ್ರದ ಗೀರು ಒಂದೇ ದಿಕ್ಕಿಗೆ ಓಡುತ್ತದೆ. ಇವು ಹಿಂದೆ ಮುಂದೆ, ಅಡ್ಡಾದಿಡ್ಡಿ, ಕೈಯಿಂದ ಒತ್ತಿ ತಿಕ್ಕಿದವು. ಪಕ್ಕದ ಬಾಗಿನಲ್ಲೂ ಇದ್ದವು, ಅದರಾಚೆಯದರಲ್ಲೂ.

"ಕೌಸರಬೀ, ಇದನ್ನ ಯಾತರಲೆ ತಿಕ್ಕೀರಿ?"

ಅವಳು ಖಾಡಿಯ ಕಡೆ ನೋಡುತ್ತಿದ್ದಳು. "ತವಾ ತಿಕ್ಕೂ ತಂತಿ ಬ್ರಷ್‌ಲೆ."

"ಕಬ್ಬಿಣದ್ದು ಮುಟ್ಟಿಸಬ್ಯಾಡ್ರಿ, ಮುಟ್ಟಿಸಿದ್ರ ತುಕ್ಕು ಹಿಡೀತೈತಿ ಅಂತ ಮೊದಲನೇ ವರ್ಷನ ಹೇಳಿದ್ನೆಲ್ಲ?"

"ಹೇಳಿದ್ರಿ," ಎಂದಳು ಕೌಸರ. ಆಮೇಲೆ ಇನ್ನೂ ಮೆಲ್ಲಗೆ, "ಅದಕ್ಕ ತಿಕ್ಕೀನಿ."

ಒಳಗೆ ಸೊಸೆ ಯಾರಿಗೋ ಯೆಸ್ ಯೆಸ್ ಎನ್ನುತ್ತಿದ್ದಳು. ಮುರ್ತುಜಾ ಮಷೀನಿನ ಸ್ವಿಚ್ಚು ಒತ್ತಿದ. ಐವತ್ತಾರು ವರ್ಷದ ಮುಖ ಕೆಂಪಾದದ್ದು ಕಾಣದಿರಲೆಂದು ಗೋಡೆಯ ಕಡೆ ತಿರುಗಿ ಕೂತ. ಆಮೇಲೆ ಮಧ್ಯಾಹ್ನ ಮೂರರ ತನಕ ಒಂದೇ ಸಮ ದುಡಿದ. ಕಳ್ಳಾಟ ಒಂದಿಷ್ಟೂ ಮಾಡಲಿಲ್ಲ. ಎಂಟು ಬಾಗುಗಳನ್ನೂ ಒಂದೊಂದೇ ಗೀರು ಅಳಿಸಿ, ತೊಳೆದು, ಒಣಬಟ್ಟೆಯಿಂದ ಒರೆಸಿದ. ಅವಳೂ ಏಳಲಿಲ್ಲ. ಪುಡಿ ಹಾರುತ್ತದೆ ಒಳಗೆ ಹೋಗಿ ಎಂದರೆ ಸೆರಗನ್ನು ಮೂಗಿಗೆ ಹಿಡಿದು ಕೂತೇ ಇದ್ದಳು.

ಹೊರಡುವಾಗ ಬಾಗಿಲ ತನಕ ಬಂದಳು. ಅವನು ಚೀಲ ಹೆಗಲಿಗೇರಿಸಿ ಲಿಫ್ಟಿನ ಜಾಲರಿ ಬಾಗಿಲು ಸರಿಸಿದ.

"ಐತವಾರ ಬರ್ತೀನ್ರಿ," ಎಂದ.

"ಕೆಲಸ ಮುಗೀತಲ್ರಿ?"

"ಮುಗೀತು. ಮಷೀನು ತರಂಗಿಲ್ಲ."

ಅವಳಿಗೆ ತಿಳಿಯಿತು. ಚೌಕಟ್ಟು ಹಿಡಿದುಕೊಂಡಳು. "ಐತವಾರ ಮುಜಾಹಿದ ಮನ್ಯಾಗ ಇರ್ತಾನ."

"ಇರ್ಲಿ. ನೀವು ಹೂಂ ಅಂದ್ರ ಅವನ ಜೋಡಿನೂ ಮಾತಾಡ್ತೀನಿ."

ಕೌಸರ ಒಮ್ಮೆ ಒಳಗೆ ನೋಡಿದಳು, ಒಮ್ಮೆ ಅವನನ್ನು. ಏನೋ ಹೇಳಲು ಬಾಯಿ ತೆರೆದಳು. ತೆರೆದ ಬಾಗಿಲು ಕಂಡು ಲಿಫ್ಟು ಹಾಡು ಶುರು ಮಾಡಿತು, ಹಾಡಿನ ನಡುವೆ ಹೆಣ್ಣು ದನಿಯೊಂದು ಹಿಂದಿಯಲ್ಲಿ, ದಯವಿಟ್ಟು ಬಾಗಿಲು ಮುಚ್ಚಿ ಎನ್ನತೊಡಗಿತು. ಮೇಲಿನ ಮಹಡಿಯಿಂದ ಯಾರೋ ಲಿಫ್ಟ್ ಛೋಡೋ ಎಂದು ಕೂಗಿದರು. ಮುರ್ತುಜಾ ಚೀಲ ಕೆಳಗಿಟ್ಟ, ಎರಡೂ ಕೈಯಲ್ಲಿ ಜಾಲರಿ ಹಿಡಿದು, ಅವಳ ತುಟಿಯನ್ನೇ ನೋಡುತ್ತ ನಿಂತ.