ತೊಟ್ಟಿಯಲ್ಲಿ ಅಲೆ

ಎಡಗಡೆಯ ಪಂಪು ಮತ್ತೆ ಮಾತು ಕೇಳಲಿಲ್ಲ.

ರಾಹುಲ್ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಕಂಟ್ರೋಲರಿನ ಗುಂಡಿಯನ್ನು ಒತ್ತಿ ಹಿಡಿದ. ನೀಲಿ ದೀಪ ಮಿಟುಕಿತು. ಬಲಗಡೆಯ ಪಂಪು ನೀರು ತಳ್ಳಿ ನಿಂತ ಮೇಲೆ ಎಡಗಡೆಯದು ತಳ್ಳಬೇಕು. ಆಗಷ್ಟೇ ಗಾಜಿನ ತೊಟ್ಟಿಯ ನೀರು ಅತ್ತಿಂದಿತ್ತ ತೂಗಿ ಅಲೆಯಾಗುತ್ತದೆ. ಈಗ ಎರಡೂ ಒಟ್ಟಿಗೆ ತಳ್ಳುತ್ತಿದ್ದವು. ನೀರು ನಡುವೆ ಡಿಕ್ಕಿ ಹೊಡೆದು ಸುಮ್ಮನೆ ಕುದಿಯುತ್ತಿತ್ತು. ಕಿತ್ತಳೆ ಬಣ್ಣದ ಎರಡು ಮೀನುಗಳು ಮೂಲೆ ಹಿಡಿದಿದ್ದವು.

ಫೋನು ಹೊಡೆದುಕೊಂಡಿತು. ತವರಿನಲ್ಲಿದ್ದ ಹೆಂಡತಿ, ಸಂಘಮಿತ್ರಾ.

"ಹೊರಟ್ರಾ?"

"ಹೊರಡ್ತಾ ಇದೀನಿ."

"ಎಡೆ ಇಡೋ ಹೊತ್ತಾಯ್ತು. ಎಲ್ರೂ ಕೇಳ್ತಾವ್ರೆ."

"ಚಪ್ಪಲಿ ಹಾಕ್ಕೊಂಡೆ."

ಅವನು ಬರಿಗಾಲಲ್ಲಿದ್ದ.

ಅಂದು ಮಾವ ಚಲುವಯ್ಯನ ತಿಥಿ. ಊರು ಬೂಕನಕೆರೆಯ ಹತ್ತಿರ. ಪಾಂಡವಪುರದ ಈ ಮನೆಯಿಂದ ಬೈಕಿನಲ್ಲಿ ಹೊರಟರೆ ಒದ್ದೆ ತಲೆ ಒಣಗುವುದರೊಳಗೆ ತಲುಪಬಹುದು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನಿಗೆ ದೂರ, ವೇಗ ಗೊತ್ತಿಲ್ಲದ ಸಂಗತಿಗಳಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಶರ್ಟು ತೆಗೆದಿಟ್ಟಿದ್ದ. ಹೊರಡುವ ಮುಂಚೆ ಪಂಪು ಕೂರಿಸಿಬಿಡೋಣ ಎನಿಸಿದ್ದು ಆಮೇಲೆ.

ಮಾವನನ್ನು ಮಣ್ಣು ಮಾಡಿದ ದಿನ ಯಾರೋ ಅವನ ಕೈಗೂ ಒಂದು ಹಿಡಿ ಮಣ್ಣು ಕೊಟ್ಟಿದ್ದರು. ಹಾಕಿದ. ಸುತ್ತ ಎಲ್ಲರೂ ಅಳುತ್ತಿದ್ದರು. ಅತ್ತೆ ಬೆಟ್ಟಮ್ಮ ನೆಲದಲ್ಲಿ ಹೊರಳುತ್ತಿದ್ದಳು. ಅವನಿಗೋ, ವಾಚಿನ ಪಟ್ಟಿಯೊಳಗೆ ಮಣ್ಣು ಸೇರಿತಲ್ಲ ಎಂಬುದಷ್ಟೇ ತಲೆಯಲ್ಲಿ. ಕೊಡವಿಕೊಂಡು ಕತ್ತೆತ್ತಿದಾಗ ಬೆಟ್ಟಮ್ಮ ಅವನನ್ನೇ ನೋಡುತ್ತಿದ್ದಳು. ಅಥವಾ ನೋಡುತ್ತಿರಲಿಲ್ಲ. ಆ ಕಣ್ಣುಗಳೆದುರು ಮತ್ತೆ ನಿಲ್ಲಬೇಕೆಂದು ನೆನೆದಾಗಲೆಲ್ಲ ಅವನ ಕೈ ಪಂಪಿನತ್ತಲೇ ಹೋಗುತ್ತಿತ್ತು.

ಮಾವ ಕೆಟ್ಟವನಾಗಿದ್ದರೆ ಸುಲಭವಿತ್ತು. ಸಂಕ್ರಾಂತಿಗೆ ಬಂದಿದ್ದಾಗ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ್ದ.

"ಸಮುದ್ರದ ಮೀನು ಅಂತೀರಿ, ಅಲೆನೇ ಇಲ್ವಲ್ಲ ಮೇಷ್ಟ್ರೇ?"

"ಪಂಪು ತರಿಸ್ತೀನಿ ಮಾವ. ಅಲೆ ಬರುತ್ತೆ."

"ಬಂದಾಗ ಒಂದು ಫೋನ್ ಮಾಡಿ. ಬಸ್ಸತ್ಕಂಡು ಬಂದ್ಬುಡ್ತೀನಿ. ನಾನೂ ಸಮುದ್ರ ನೋಡಿಲ್ಲ."

ಪಂಪು ಯುಗಾದಿಯ ಹೊತ್ತಿಗೇ ಬಂದಿತ್ತು. ಈ ಬೆಳಿಗ್ಗೆಯವರೆಗೂ ಅವನು ಪೆಟ್ಟಿಗೆ ಬಿಚ್ಚಿರಲಿಲ್ಲ.

ಫೋನು ಮತ್ತೆ ಹೊಡೆದುಕೊಂಡಿತು. ನಿಂತಿತು. ಆಮೇಲೆ ಬರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ತಪ್ಪು ಗೊತ್ತಾಯಿತು. ಒಂದು ಪಂಪು ಹೇಳಬೇಕು, ಇನ್ನೊಂದು ಕೇಳಬೇಕು. ಅವನು ಎರಡನ್ನೂ ಹೇಳುವುದಕ್ಕೇ ಇಟ್ಟಿದ್ದ. ಎಡಗಡೆಯದನ್ನು ಬದಲಿಸಿದೊಡನೆ ನೀರು ಹಗುರವಾಗಿ ತೂಗಿತು. ಅತ್ತ ಏರಿತು, ಇತ್ತ ಇಳಿಯಿತು. ಅಲೆ!

ಯಾರಿಗಾದರೂ ಹೇಳಬೇಕೆನಿಸಿತು. ಹೇಳಬೇಕಾಗಿದ್ದವನು ಒಬ್ಬನೇ.

ದೀಪ ಹಚ್ಚುವ ಹೊತ್ತಿಗೆ ಸಂಘಮಿತ್ರಾ ಬಂದಳು. ಅವಳ ತಮ್ಮ ಸಿದ್ದರಾಮು ಬೈಕಿನಲ್ಲಿ ಕರೆತಂದಿದ್ದ.

"ಜ್ವರ ಎಂಗದೆ ಭಾವ?" ಅವನು ಹೊಸಿಲಲ್ಲೇ ನಿಂತು ಕೇಳಿದ.

ರಾಹುಲ್ ಹೆಂಡತಿಯತ್ತ ನೋಡಿದ. ಅವಳು ಗೋಡೆ ನೋಡಿದಳು.

"ಪರವಾಗಿಲ್ಲ."

"ಮೇಲೇಳಕ್ಕೂ ಆಯ್ತಿಲ್ಲ ಅಂದ್ಲು ಅಕ್ಕ. ಅವ್ವ ನಿಮ್ಗೇ ಅಂತ ಎತ್ತಿಟ್ಟಿದ್ಲು, ಉಣ್ಣಿ." ಊಟದ ಡಬ್ಬಿ ಕೆಳಗಿಟ್ಟ. "ಬತ್ತೀನಿ. ಅವ್ವ ಒಬ್ಳೇ ಅವ್ಳೆ."

ಬೈಕಿನ ಸದ್ದು ತಿರುವು ದಾಟಿತು.

"ಯಾಕೆ ಬರ್ಲಿಲ್ಲ ಅಂತ ಕೇಳಲ್ಲ," ಅಂದಳು ಸಂಘಮಿತ್ರಾ.

"ಕೇಳು."

"ಕೇಳಿದ್ರೆ ಹೇಳ್ತೀರಾ?"

ಅವನು ಬಾಯಿ ತೆರೆದ. ವಾಚು, ಮಣ್ಣು, ಅತ್ತೆಯ ಕಣ್ಣು, ಎಲ್ಲವೂ ನಾಲಿಗೆಯವರೆಗೆ ಬಂದವು.

"ಇವೆರಡೂ ಹೊಂದ್ತಿರ್ಲಿಲ್ಲ," ಎಂದು ಪಂಪು ತೋರಿಸಿದ. "ಈಗ ಹೊಂದಿವೆ. ನೋಡು."

ಅವಳು ನೋಡಿದಳು. "ಇಷ್ಟೇನಾ?"

ಅವನು ವೇಗ ಹೆಚ್ಚಿಸಿದ. ತೂಗುವ ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದರೆ ಅದು ಏರುತ್ತಲೇ ಹೋಗುತ್ತದೆ ಎಂದು ಅವನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದ. ನೀರು ಗಾಜಿನ ಅಂಚಿಗೆ ಬಂತು. ಅಂಚು ದಾಟಿ ನೆಲಕ್ಕೆ ಬಿತ್ತು.

ಸಂಘಮಿತ್ರಾ ಒಳಗಿನಿಂದ ಹಳೇ ಬಟ್ಟೆ, ಬಕೆಟ್ಟು ತಂದಳು. ಸೆರಗು ಸಿಕ್ಕಿಸಿ, ಕೂತು ಒರೆಸತೊಡಗಿದಳು. ಮತ್ತೊಂದು ಅಲೆ ಅವಳ ಕೈ ಮೇಲೆಯೇ ಬಿತ್ತು. ಅವಳು ಕತ್ತೆತ್ತಲಿಲ್ಲ.

ರಾಹುಲನ ಬೆರಳು ಗುಂಡಿಯ ಮೇಲಿತ್ತು. ನಿಲ್ಸಿ ಅಂದರೆ ನಿಲ್ಲಿಸಿಬಿಡುತ್ತಿದ್ದ. ಅವಳು ಅನ್ನಲಿಲ್ಲ. ಅವಳ ಬೆನ್ನು ಅದುರುತ್ತಿತ್ತು. ಒರೆಸುವುದರಿಂದಲೋ, ಅಳುವುದರಿಂದಲೋ, ನಿಂತಲ್ಲಿಂದ ಅವನಿಗೆ ತಿಳಿಯುವಂತಿರಲಿಲ್ಲ. ಬಗ್ಗಿ ನೋಡಬಹುದಿತ್ತು.

ಉಪ್ಪುನೀರು ಅವನ ಪಾದದವರೆಗೆ ಬಂತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಬಟ್ಟೆ ಹಿಂಡಿ, ಅವನು ಬಿಟ್ಟ ಜಾಗವನ್ನೂ ಒರೆಸಿದಳು. ಅದರ ಮೇಲೆ ಇನ್ನೊಂದು ಅಲೆ ಬಿತ್ತು.